ಗಾಲ್ಫ್ ಆಡುವಾಗ ಕುಳಿಯಲ್ಲಿ ನೆಟ್ಟ ಫ್ಲ್ಯಾಗಿಗೆ ಗೆಳೆಯರ ಲೇಸರ್ ದೂರಮಾಪಕ 138 ಗಜ ಅಂದರೆ ನನ್ನ ಜಿಪಿಎಸ್ ಸಾಧನ 148 ಅನ್ನುತ್ತೆ. ಅದನ್ನು ಮಾರಿ ಲೇಸರ್ ಕೊಳ್ಳಲೇ?

ಮಾರಬೇಡಿ. ಎರಡೂ ಸರಿ ಇರಬಹುದು. ನಾನೂ ಇದೇ ತಪ್ಪು ಮಾಡಿ ಎಷ್ಟೋ ಸ್ಟ್ರೋಕ್ (ಹೊಡೆತ) ಕಳೆದುಕೊಂಡೆ: ಜಿಪಿಎಸ್ ಪರದೆಯ ನಡುವಿನ ದೊಡ್ಡ ಅಂಕಿಯೇ ಫ್ಲ್ಯಾಗಿನ ದೂರ ಅಂದುಕೊಂಡಿದ್ದೆ. ಅದು ಗ್ರೀನಿನ, ಅಂದರೆ ಕುಳಿಯಿರುವ ನುಣುಪು ಹುಲ್ಲಿನ ಜಾಗದ, ನಟ್ಟನಡುವಿನ ದೂರ. ಬೆಳಿಗ್ಗೆ ಮಾಲಿ ಕುಳಿ ಬದಲಿಸಿದ್ದು ಆ ಸಾಧನಕ್ಕೆ ತಿಳಿಯುವುದಿಲ್ಲ, ಅದರೊಳಗಿರುವುದು ಗ್ರೀನಿನ ನಕ್ಷೆ ಮಾತ್ರ. ಗ್ರೀನ್ 30 ಗಜ ಆಳವಿದ್ದು ಫ್ಲ್ಯಾಗ್ ಮುಂದಿನ ಅಂಚಿನಿಂದ 5 ಗಜಕ್ಕಿದ್ದರೆ, ನಡು ಅದಕ್ಕಿಂತ 10 ಗಜ ಹಿಂದೆ. ಅಂದರೆ ಪೂರ್ತಿ ಒಂದು ಕ್ಲಬ್ (ಹೊಡೆಯುವ ಕೋಲು) ವ್ಯತ್ಯಾಸ. 8 ಐರನ್ ಕ್ಲಬ್ ಸಾಕಾಗುವಲ್ಲಿ ಅದಕ್ಕಿಂತ ದೂರ ಹೊಡೆಯುವ 7 ಐರನ್ ಎತ್ತುತ್ತೀರಿ, ಚೆಂಡು ಫ್ಲ್ಯಾಗ್ ದಾಟಿ ನಿಲ್ಲುತ್ತೆ. ಫ್ಲ್ಯಾಗ್ ಹಿಂದಿದ್ದ ದಿನ ಅದೇ ಅಂಕಿ ನಂಬಿದರೆ ಚೆಂಡು ಗಿಡ್ಡ ಬೀಳುತ್ತೆ.

ದೊಡ್ಡ ಅಂಕಿಯ ಮೇಲೆ, ಕೆಳಗೆ ಸಣ್ಣದಾಗಿ ಬರುವ ಎರಡು ಅಂಕಿಗಳನ್ನು ನೋಡಿ: ಕಡಿಮೆ ಇರುವುದು ಗ್ರೀನಿನ ಮುಂದಿನ ಅಂಚು, ಹೆಚ್ಚಿರುವುದು ಹಿಂದಿನ ಅಂಚು. ಫ್ಲ್ಯಾಗ್ ಎಷ್ಟು ಒಳಗಿದೆ ಅಂತ ಕ್ಯಾಡಿಯನ್ನು (ಕ್ಲಬ್ ಚೀಲ ಹೊರುವ ಸಹಾಯಕ) ಕೇಳಿ, ಮುಂದಿನ ಅಂಚಿನ ಅಂಕಿಗೆ ಕೂಡಿಸಿ. ಮುಗಿಯಿತು.

ಸಾಧನವೇ ಕೆಟ್ಟಿದೆ ಅನ್ನುವ ಅನುಮಾನವಿದ್ದರೆ ಗ್ರೀನಿನ ಮುಂದಿನ ಅಂಚಿನಲ್ಲಿ ನಿಂತು ಅರ್ಧ ನಿಮಿಷ ಕಾಯಿರಿ. ಮುಂದಿನ ಅಂಕಿ ಸೊನ್ನೆಯ ಹತ್ತಿರ ಬರಬೇಕು. ತೆರೆದ ಆಕಾಶದಡಿ 3ರಿಂದ 5 ಮೀಟರ್ ಆಚೀಚೆ ಆಗುವುದು ಸಹಜ. ಒಂದೇ ಹೋಲ್‌ನಲ್ಲಿ (ಒಂದು ಕುಳಿಯವರೆಗಿನ ಆಟದ ಭಾಗ) ಪ್ರತಿಸಲ ತಪ್ಪಿದರೆ ನಕ್ಷೆ ಹಳೆಯದು, ಗ್ರೀನ್ ತಿದ್ದಿರುತ್ತಾರೆ, ಅಪ್‌ಡೇಟ್ ಮಾಡಿ. ಎಲ್ಲ ಕಡೆ ಅಂಕಿ ಕುಣಿಯುತ್ತಿದ್ದರೆ ಸಿಗ್ನಲ್ ತೊಂದರೆ: ದಟ್ಟ ಮರಗಳಡಿ ಉಪಗ್ರಹದ ಸಂಕೇತ ಕುಗ್ಗುತ್ತೆ, ಕಟ್ಟಡಗಳ ಪಕ್ಕ ಗೋಡೆಗೆ ಬಡಿದು ತಡವಾಗಿ ಬರುತ್ತೆ. ಎರಡು ಹೆಜ್ಜೆ ಬಯಲಿಗೆ ಬಂದು ನೋಡಿ. ಮೊದಲ ಟೀ (ಆಟ ಶುರುವಾಗುವ ಜಾಗ) ಮೇಲೆ ಆನ್ ಮಾಡಬೇಡಿ, ಕಾರ್ ಪಾರ್ಕಿಂಗ್‌ನಲ್ಲೇ ಮಾಡಿ, ಉಪಗ್ರಹಗಳನ್ನು ಹುಡುಕಿಕೊಳ್ಳಲು ಅದಕ್ಕೆ ಹೊತ್ತು ಬೇಕು. ಸೆಟ್ಟಿಂಗ್‌ನಲ್ಲಿ ಗಜವೋ ಮೀಟರೋ ಅಂತಲೂ ಒಮ್ಮೆ ನೋಡಿ: 150 ಮೀಟರ್ ಅಂದರೆ 164 ಗಜ.

ಇನ್ನೊಂದು, ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ತೆಳು ಗಾಳಿಯಲ್ಲಿ ಚೆಂಡು ಶೇ 3ರಷ್ಟು ಹೆಚ್ಚು ಹಾರುತ್ತೆ, 150 ಗಜಕ್ಕೆ 4-5 ಗಜ. ಮಂಗಳೂರಿನಲ್ಲಿ ಅಳೆದ ನಿಮ್ಮ ಕ್ಲಬ್ ದೂರಗಳನ್ನು ಇಲ್ಲಿ ಹಾಗೇ ಬಳಸಿ ಜಿಪಿಎಸ್ ಅನ್ನು ಬಯ್ಯಬೇಡಿ.

ಇಷ್ಟಾದ ಮೇಲೂ ಲೇಸರ್ ಬೇಕೆನಿಸಿದರೆ ಕೊಳ್ಳಿ. ಫ್ಲ್ಯಾಗ್ ಕಾಣದ ತಿರುವಿನಲ್ಲಿ ಅದು ಕೆಲಸಕ್ಕೆ ಬರದು, ಕೈ ನಡುಗಿದರೆ ಹಿಂದಿನ ಮರದ ದೂರ ಹೇಳುತ್ತೆ. ಸ್ಪರ್ಧೆಯಲ್ಲಿ ಅದರ ಸ್ಲೋಪ್ (ನೆಲದ ಏರಿಳಿತ ಅಳೆಯುವ ಸೌಲಭ್ಯ) ಆಫ್ ಮಾಡಿರಿ, ಏರಿಳಿತ ಅಳೆದರೆ ಸ್ಟ್ರೋಕ್ ಪ್ಲೇನಲ್ಲಿ (ಒಟ್ಟು ಹೊಡೆತ ಎಣಿಸುವ ಆಟ) ಮೊದಲ ಸಲಕ್ಕೆ 2 ಸ್ಟ್ರೋಕ್ ದಂಡ.