ಹಡಗಿನ ಬಸ್ಸೋ, ನಮ್ಮದೇ ಗೈಡೋ? ಬಂದರಿನಿಂದ ಪುರಾತನ ನಗರಗಳಿಗೆ

ಪ್ರಶ್ನೆ: ನಾವು ಉಡುಪಿಯವರು. ಬರುವ ಅಕ್ಟೋಬರ್‌ನಲ್ಲಿ ಅಪ್ಪ-ಅಮ್ಮ, ಅತ್ತೆ-ಮಾವ ಸೇರಿ ಆರು ಮಂದಿ ಬಾರ್ಸಿಲೋನಾದಿಂದ ಅಥೆನ್ಸ್‌ವರೆಗಿನ ಕ್ರೂಸ್ ಪ್ರಯಾಣಕ್ಕೆ ಹೊರಟಿದ್ದೇವೆ. ದಾರಿಯಲ್ಲಿ ರೋಮ್, ನೇಪಲ್ಸ್, ಸ್ಯಾಂಟೊರಿನಿ ಮತ್ತು ಟರ್ಕಿಯ ಕುಶಾಡಸಿ ಬಂದರುಗಳಿವೆ. ಅಪ್ಪ ನಿವೃತ್ತ ಇತಿಹಾಸ ಅಧ್ಯಾಪಕರು. ನೇಪಲ್ಸ್ ಬಳಿಯ ಪೊಂಪೇಯಿ ಮತ್ತು ಕುಶಾಡಸಿ ಬಳಿಯ ಎಫೆಸಸ್ ಎಂಬ ಪುರಾತನ ನಗರಗಳನ್ನು ನೋಡುವುದು ಅವರ ಬಹುಕಾಲದ ಆಸೆ. ಹಡಗಿನವರು ಕೇಳುವ ತಲಾ ದರ ದುಬಾರಿ ಎನಿಸುತ್ತಿದೆ. ಖಾಸಗಿ ಗೈಡ್ ಗೊತ್ತುಮಾಡಿಕೊಂಡರೆ, ತಡವಾದಾಗ ಹಡಗು ಬಿಟ್ಟುಹೋಗುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಅಮ್ಮನಿಗೆ ಮೊಣಕಾಲು ನೋವು ಬೇರೆ. ಏನು ಮಾಡಬೇಕು?

ಉತ್ತರ: ಆ ಹೆದರಿಕೆಯಲ್ಲಿ ಹುರುಳಿದೆ. ಹಡಗಿನವರೇ ಏರ್ಪಡಿಸಿದ ಬಸ್ಸು ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ, ಕಾಯಲಾಗದಿದ್ದರೆ ಮುಂದಿನ ಬಂದರಿಗೆ ತಲುಪಿಸುವ ಹೊಣೆಯನ್ನು ಅವರೇ ಹೊರುತ್ತಾರೆ. ನೀವಾಗಿ ಹೋಗಿ ತಡಮಾಡಿಕೊಂಡರೆ ಆ ಖರ್ಚು ಮತ್ತು ಪರದಾಟ ಎರಡೂ ನಿಮ್ಮದೇ. ಆದರೆ ಅಷ್ಟಕ್ಕೇ ಎಲ್ಲ ಬಂದರುಗಳಲ್ಲೂ ಹಡಗಿನ ಬಸ್ಸನ್ನೇ ಹತ್ತಬೇಕಾಗಿಲ್ಲ. ಹಡಗಿನ ಏಣಿಯಿಂದ ಅವಶೇಷಗಳ ದ್ವಾರಕ್ಕೆ ಎಷ್ಟು ದೂರ ಎಂಬುದನ್ನು ನೋಡಿ, ಬಂದರು ಬಂದರಿಗೂ ಬೇರೆ ಬೇರೆ ತೀರ್ಮಾನ ಮಾಡಿ ಎಂಬುದೇ ನನ್ನ ಸಲಹೆ.

ಮೊದಲು ರೋಮ್. ಟಿಕೆಟ್ಟಿನಲ್ಲಿ ರೋಮ್ ಎಂದಿದ್ದರೂ ಹಡಗು ನಿಲ್ಲುವುದು ಚಿವಿತವೆಕ್ಯ ಎಂಬ ಬಂದರಿನಲ್ಲಿ. ಅಲ್ಲಿಂದ ನಗರಕ್ಕೆ ಸುಮಾರು 80 ಕಿ.ಮೀ. ಕುಂದಾಪುರದಲ್ಲಿ ಇಳಿಸಿ ಮಂಗಳೂರು ತೋರಿಸುತ್ತೇವೆ ಎಂದ ಹಾಗೆ. ಹೆದ್ದಾರಿಯಲ್ಲಿ ಒಂದು ಅಪಘಾತವಾದರೂ ಸಂಜೆಯ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಇಲ್ಲಿ ಹಡಗಿನ ಬಸ್ಸಿಗೆ ಹಣ ಕೊಡುವುದು ಜಾಣತನ.

ಎಫೆಸಸ್‌ನದು ಇದಕ್ಕೆ ತದ್ವಿರುದ್ಧ. ಕುಶಾಡಸಿ ಬಂದರಿನಿಂದ 20 ಕಿ.ಮೀ. ಆಸುಪಾಸು, ಅರ್ಧ ಗಂಟೆಯ ದಾರಿ. ಖಾಸಗಿ ವ್ಯಾನಿಗೆ ದರ ಹೇಳುವುದು ಗಾಡಿಯ ಲೆಕ್ಕದಲ್ಲಿ. ಆರು ಮಂದಿ ಹಂಚಿಕೊಂಡರೆ ಹಡಗಿನ ದರಕ್ಕಿಂತ ಸಾಮಾನ್ಯವಾಗಿ ಕಡಿಮೆಯೇ ಬೀಳುತ್ತದೆ. ಹಣಕ್ಕಿಂತ ದೊಡ್ಡ ಲಾಭ ನಿಮ್ಮ ಅಮ್ಮನಿಗೆ. ಆ ನಗರ ಇಳಿಜಾರಿನಲ್ಲಿದೆ: ಮೇಲಿನ ದ್ವಾರದಲ್ಲಿ ಇಳಿದು, ಇಳುಕಲಿನಲ್ಲೇ ನಡೆಯುತ್ತ ಕೆಳಗಿನ ದ್ವಾರಕ್ಕೆ ಬಂದರೆ ಅಲ್ಲಿ ವ್ಯಾನ್ ಕಾಯುತ್ತಿರುತ್ತದೆ. ದೊಡ್ಡ ಗುಂಪಿನಲ್ಲಿ ಬಾವುಟ ಹಿಡಿದವನ ಹೆಜ್ಜೆಗೆ ಎಲ್ಲರೂ ಹೆಜ್ಜೆ ಹಾಕಬೇಕು. ನಿಮ್ಮದೇ ಗೈಡ್ ಇದ್ದರೆ ಅಮ್ಮ ಬೇಕೆಂದಲ್ಲಿ ಕೂರಬಹುದು. ಒಂದು ಎಚ್ಚರಿಕೆ: ಅಲ್ಲಿನ ಬೀದಿಯ ಅಮೃತಶಿಲೆ ಶತಮಾನಗಳ ಕಾಲ್ತುಳಿತಕ್ಕೆ ನುಣುಪಾಗಿದೆ, ನೆರಳೂ ಹೆಚ್ಚಿಲ್ಲ. ಹಿಡಿತವಿರುವ ರಬ್ಬರ್ ಅಡಿಯ ಶೂ, ಕೊಡೆ, ಊರುಗೋಲು ಮೂರೂ ಇರಲಿ.

ಅಪ್ಪನಿಗಾಗಿ ಒಂದೆರಡು ಮಾತು. ಎಫೆಸಸ್‌ನ ಸೆಲ್ಸಸ್ ಗ್ರಂಥಾಲಯ ಕ್ರಿ.ಶ. ಎರಡನೆಯ ಶತಮಾನದ್ದು, ಈಗ ನಿಂತಿರುವ ಎರಡಂತಸ್ತಿನ ಮುಂಭಾಗ ಮಾತ್ರ ಬಿದ್ದಿದ್ದ ಕಲ್ಲುಗಳನ್ನು ಜೋಡಿಸಿ 1970ರ ದಶಕದಲ್ಲಿ ಮತ್ತೆ ಎತ್ತಿ ನಿಲ್ಲಿಸಿದ್ದು. ಗೂಡುಗಳಲ್ಲಿರುವ ನಾಲ್ಕು ಸ್ತ್ರೀಮೂರ್ತಿಗಳು ಪ್ರತಿಕೃತಿಗಳು, ಮೂಲಮೂರ್ತಿಗಳಿರುವುದು ವಿಯೆನ್ನಾದಲ್ಲಿ. ಸುಮಾರು 25,000 ಜನ ಕೂರಬಹುದಾಗಿದ್ದ ರಂಗಮಂದಿರದ ಎದುರು ನೇರವಾಗಿ ಸಾಗುವ ಬೀದಿ ಒಂದು ಕಾಲಕ್ಕೆ ಬಂದರಿಗೆ ಹೋಗುತ್ತಿತ್ತು. ನದಿ ತಂದು ಸುರಿದ ಹೂಳಿನಿಂದ ಸಮುದ್ರ ಹಿಂದೆ ಸರಿದು ಈಗ ಹಲವು ಕಿಲೋಮೀಟರ್ ಆಚೆಗಿದೆ. ಅಳಿವೆಯ ಹೂಳಿನ ಕಷ್ಟ ಬಲ್ಲ ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟೆರೇಸ್ ಹೌಸ್ ಎಂಬ ಶ್ರೀಮಂತರ ಮನೆಗಳಿಗೆ ಪ್ರತ್ಯೇಕ ಟಿಕೆಟ್ ಇದೆ. ಮೆಟ್ಟಿಲು ಬಹಳ, ಅಮ್ಮನಿಗೆ ಬೇಡ, ಅಪ್ಪ ಬಿಡಬಾರದು.

ನೇಪಲ್ಸ್‌ನಿಂದ ಪೊಂಪೇಯಿ ಸುಮಾರು 25 ಕಿ.ಮೀ.; ಇಲ್ಲೂ ಖಾಸಗಿ ಗೈಡ್ ಒಳ್ಳೆಯದೇ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಈ ಊರು ಎಷ್ಟು ದೊಡ್ಡದೆಂದರೆ, ದಾರಿ ಬಲ್ಲವರು ಜೊತೆಗಿಲ್ಲದಿದ್ದರೆ ಗೋಡೆ ನೋಡುತ್ತಲೇ ಹೊತ್ತು ಕಳೆದುಹೋಗುತ್ತದೆ. ಬೀದಿಗೆ ಅಡ್ಡಲಾಗಿ ಎತ್ತರದ ದಾಟುಗಲ್ಲುಗಳಿವೆ. ಅವುಗಳ ನಡುವೆ ಗಾಡಿಯ ಚಕ್ರ ಸವೆಸಿದ ಗೆರೆಗಳನ್ನು ಬೆರಳಿಟ್ಟು ನೋಡಬಹುದು. ನೋಡಲು ಚೆಂದ, ನೋಯುವ ಮೊಣಕಾಲಿಗೆ ಕಷ್ಟ. ಪಿಯಾಝಾ ಅನ್ಫಿತಿಯಾತ್ರೊ ದ್ವಾರದಿಂದ ಆರಂಭವಾಗುವ, ಗಾಲಿಕುರ್ಚಿಯೂ ಸಾಗಬಲ್ಲ ಸಮತಟ್ಟಾದ ಹಾದಿಯಲ್ಲೇ ಕರೆದೊಯ್ಯಬೇಕೆಂದು ಗೈಡ್‌ಗೆ ಮೊದಲೇ ತಿಳಿಸಿ. 2024ರ ನವೆಂಬರ್‌ನಿಂದ ಅಲ್ಲಿ ದಿನಕ್ಕೆ 20,000 ಮಂದಿಯ ಮಿತಿಯಿದ್ದು, ಟಿಕೆಟ್‌ನಲ್ಲಿ ಪ್ರವಾಸಿಯ ಹೆಸರಿರುತ್ತದೆ. ಪಾಸ್‌ಪೋರ್ಟ್‌ನಲ್ಲಿರುವ ಹೆಸರನ್ನೇ ಕೊಡಿ.

ಸಮಯ ಉಳಿದರೆ ನೇಪಲ್ಸ್‌ನ ಪುರಾತತ್ತ್ವ ವಸ್ತುಸಂಗ್ರಹಾಲಯಕ್ಕೂ ಹೋಗಿ. ಪೊಂಪೇಯಿಯ ಮನೆಯೊಂದರಲ್ಲಿ 1938ರಲ್ಲಿ ಸಿಕ್ಕ, ಗೇಣಿಗಿಂತ ತುಸು ಎತ್ತರದ ಭಾರತೀಯ ದಂತದ ಗೊಂಬೆ ಅಲ್ಲಿದೆ. ಲಕ್ಷ್ಮಿ ಎಂದೇ ಅದು ಪ್ರಸಿದ್ಧ, ಯಕ್ಷಿ ಎನ್ನುವ ವಿದ್ವಾಂಸರೂ ಇದ್ದಾರೆ. ಕೊರಳು, ಕೈಕಾಲುಗಳ ತುಂಬ ಆಭರಣ, ಇಕ್ಕೆಲದಲ್ಲಿ ಪುಟ್ಟ ಪರಿಚಾರಿಕೆಯರು. ವೆಸೂವಿಯಸ್ ಸಿಡಿಯುವ ಮೊದಲೇ ನಮ್ಮ ದೇಶದಿಂದ ಹಡಗೇರಿ ಹೋದ ಆ ಗೊಂಬೆಯನ್ನು ನೋಡದೆ ಇತಿಹಾಸ ಅಧ್ಯಾಪಕರು ನೇಪಲ್ಸ್ ಬಿಡಬಾರದು. ಸಂಗ್ರಹಾಲಯಕ್ಕೆ ಮಂಗಳವಾರ ರಜೆ.

ಸ್ಯಾಂಟೊರಿನಿಯಲ್ಲಿ ಹಡಗು ದಡಕ್ಕೆ ತಾಗುವುದಿಲ್ಲ, ಸಣ್ಣ ದೋಣಿಗಳಲ್ಲಿ ಇಳಿಸುತ್ತಾರೆ. ಹಡಗಿನ ಪ್ರವಾಸ ಕೊಂಡವರಿಗೆ ಮೊದಲ ದೋಣಿ. ಅವರನ್ನು ಸಾಮಾನ್ಯವಾಗಿ ಬಸ್ಸು ನಿಲ್ಲುವ ಅಥಿನಿಯೋಸ್ ಬಂದರಿನಲ್ಲೇ ಇಳಿಸುತ್ತಾರೆ. ಉಳಿದವರು ಹಳೆಯ ಬಂದರಿನಲ್ಲಿ ಇಳಿದು, ಕಡಿದಾದ ಬಂಡೆಯನ್ನು ಏರಲು ಕೇಬಲ್ ಕಾರಿನ ಸಾಲಿನಲ್ಲಿ ನಿಲ್ಲಬೇಕು. ಕಂಚಿನ ಯುಗದ ಅಕ್ರೋತಿರಿ ನೋಡಬೇಕಿದ್ದರೆ ಇಲ್ಲಿಯೂ ಹಡಗಿನವರ ಜೊತೆಗೇ ಹೋಗಿ. ಅಲ್ಲಿ ಇಡೀ ಅವಶೇಷದ ಮೇಲೆ ಮಾಡು ಹಾಕಿದ್ದಾರೆ, ಆದ್ದರಿಂದ ಬಿಸಿಲಿನ ಭಯವಿಲ್ಲ. ಅಥೆನ್ಸ್‌ನಲ್ಲಿ ನಿಮ್ಮ ಪ್ರಯಾಣವೇ ಮುಗಿಯುವುದರಿಂದ ಗಡಿಯಾರದ ಕಾಟವಿಲ್ಲ. ಅಕ್ರೊಪೊಲಿಸ್‌ಗೆ ಗಂಟೆ ನಿಗದಿಪಡಿಸಿದ ಟಿಕೆಟ್ ಮಾತ್ರ ಮೊದಲೇ ತೆಗೆದಿಡಿ.

ಖಾಸಗಿಯವರಿಗೆ ಮುಂಗಡ ಕೊಡುವ ಮುನ್ನ ಕೆಲವು ವಿಷಯಗಳನ್ನು ಬರಹದಲ್ಲಿ ಪಡೆಯಿರಿ. ಬರುವವರು ಡ್ರೈವರ್ ಮಾತ್ರವೋ, ಲೈಸೆನ್ಸ್ ಇರುವ ಗೈಡ್ ಜೊತೆಗಿರುತ್ತಾರೋ? ಟರ್ಕಿ, ಗ್ರೀಸ್, ಇಟಲಿಗಳಲ್ಲಿ ಲೈಸೆನ್ಸ್ ಇಲ್ಲದವರು ಅವಶೇಷಗಳ ಒಳಗೆ ವಿವರಣೆ ಕೊಡುವಂತಿಲ್ಲ. ‘ಎಲ್ಲ ತೋರಿಸುತ್ತೇನೆ’ ಎಂದ ಡ್ರೈವರ್ ದ್ವಾರದಲ್ಲೇ ಉಳಿಯುತ್ತಾನೆ. ಹವಾಮಾನದಿಂದ ಹಡಗು ಆ ಬಂದರಿಗೆ ಬಾರದಿದ್ದರೆ ಪೂರ್ತಿ ಹಣ ಮರಳುತ್ತದೆಯೇ? ಪ್ರವೇಶ ಶುಲ್ಕ ದರದಲ್ಲಿ ಸೇರಿದೆಯೇ? ಕುಶಾಡಸಿಯಲ್ಲಿ ಜಮಖಾನೆ ಅಂಗಡಿಗೆ ಕರೆದೊಯ್ಯುವುದು ಬೇಡವೆಂದೂ ಸ್ಪಷ್ಟವಾಗಿ ಬರೆಯಿರಿ. ಅಂದು ಹಡಗಿನ ಗಡಿಯಾರವೂ ಊರಿನ ಗಡಿಯಾರವೂ ಒಂದೇ ಹೊತ್ತು ತೋರಿಸುತ್ತಿವೆಯೇ ಎಂದು ಇಳಿಯುವಾಗಲೇ ಕೇಳಿ, ಏರಬೇಕಾದ ಕೊನೆಯ ಹೊತ್ತಿಗೆ ಒಂದೂವರೆ ಗಂಟೆ ಮೊದಲೇ ಬಂದರಿನಲ್ಲಿರುವಂತೆ ಯೋಜಿಸಿ. ಹಡಗಿನವರು ಕೊಡುವ ದಿನಚರಿ ಹಾಳೆಯಲ್ಲಿ ಅಚ್ಚಾಗಿರುವ ಬಂದರು ಏಜೆಂಟರ ಫೋನ್ ಸಂಖ್ಯೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಹಡಗು ಟರ್ಕಿಗೆ ಹೋಗಿ ಗ್ರೀಸ್‌ಗೆ ಮರಳುವುದರಿಂದ ನಿಮ್ಮ ಶೆಂಗನ್ ವೀಸಾ (ಸ್ಪೇನ್, ಇಟಲಿ, ಗ್ರೀಸ್ ಮುಂತಾದ ಯುರೋಪಿನ ದೇಶಗಳಿಗೆ ಒಂದೇ ವೀಸಾ) ಹಲವು ಬಾರಿ ಪ್ರವೇಶಕ್ಕೆ ಅವಕಾಶವಿರುವಂಥದ್ದೇ ಆಗಿರಬೇಕು.

ಪ್ರಶ್ನೆ: ನಾನು ಕೂಳೂರಿನ ಯುವಕ, ಇತಿಹಾಸದಲ್ಲಿ ಎಂ.ಎ. ಮಾಡಿದ್ದೇನೆ, ಮನೆಯಲ್ಲಿ ಟ್ಯಾಕ್ಸಿ ಇದೆ. ಮಂಗಳೂರಿನ ಪಣಂಬೂರು ಬಂದರಿಗೆ ಬರುವ ಕ್ರೂಸ್ ಪ್ರವಾಸಿಗರನ್ನು ಬಾರಕೂರಿನ ಅವಶೇಷಗಳಿಗೆ ಕರೆದೊಯ್ಯಬಹುದೇ?

ಉತ್ತರ: ಬಾರಕೂರು ಆಳುಪ ಅರಸರ ರಾಜಧಾನಿಯಾಗಿತ್ತು, ವಿಜಯನಗರದ ಕಾಲದಲ್ಲಿ ‘ಬಾರಕೂರು ರಾಜ್ಯ’ ಎಂಬ ಪ್ರಾಂತ್ಯದ ಕೇಂದ್ರವಾಗಿತ್ತು, ಕತ್ತಲೆ ಬಸದಿಯ ಮುಂದೆ ನಿಂತು ನೀವು ಗಂಟೆಗಟ್ಟಲೆ ಮಾತನಾಡಬಹುದು. ಆದರೆ ಪಣಂಬೂರಿನಿಂದ 60 ಕಿ.ಮೀ. ಮೀರಿದ ದಾರಿ, ಅದೂ ರಾಷ್ಟ್ರೀಯ ಹೆದ್ದಾರಿ 66ರಲ್ಲಿ. ಬೆಳಿಗ್ಗೆ ಬಂದು ಸಂಜೆ ಹೊರಡುವ ಹಡಗಿನವರಿಗೆ ಅದನ್ನು ಕೇಳಿ ಬಂದರೆ ಮಾತ್ರ ತೋರಿಸಿ.

ಮೂಡುಬಿದಿರೆಯನ್ನೇ ಮುಖ್ಯವಾಗಿಟ್ಟುಕೊಳ್ಳಿ ಎಂಬುದು ನನ್ನ ಅಭಿಪ್ರಾಯ. 1430ರ ಸಾವಿರ ಕಂಬದ ಬಸದಿಗೆ ಎಲ್ಲ ಬಸ್ಸುಗಳೂ ಹೋಗುತ್ತವೆ. ನೀವು ಅದರ ಜೊತೆಗೆ ಚೌಟರ ಅರಮನೆಯ ಮರದ ಕಂಬಗಳನ್ನೂ ಕೊಡಂಗಲ್ಲಿನ ನಿಷಿಧಿಗಳನ್ನೂ (ಜೈನ ಮುನಿಗಳ ಸಮಾಧಿಗಳು) ಸೇರಿಸಿ. ಆ ಕಂಬಗಳಲ್ಲಿ ಕೆತ್ತಿರುವ, ಒಂಬತ್ತು ನಾರಿಯರು ಸೇರಿ ಆನೆಯಾಗಿರುವ ನವನಾರಿ ಕುಂಜರ, ಐವರು ಸೇರಿ ಕುದುರೆಯಾಗಿರುವ ಪಂಚನಾರಿ ತುರಗದ ಎದುರು ವಿದೇಶಿ ಅತಿಥಿ ತಾನಾಗಿಯೇ ಎಣಿಸಲು ತೊಡಗುತ್ತಾನೆ. ಎಣಿಸಿ ಮುಗಿಸುವವರೆಗೆ ನೀವು ಬಾಯಿ ಬಿಡಬೇಡಿ. ಕಾರ್ಕಳವನ್ನೂ ಸೇರಿಸುವುದಾದರೆ, 1432ರ ಗೊಮ್ಮಟನ ಬೆಟ್ಟದಲ್ಲಿ ಬರಿಗಾಲಿಗೆ ಮಧ್ಯಾಹ್ನದ ಬಂಡೆ ಸುಡುತ್ತದೆ. ಗಾಡಿಯಲ್ಲಿ ಹತ್ತಿಯ ಕಾಲುಚೀಲಗಳನ್ನು ಇಟ್ಟುಕೊಳ್ಳಿ. ಎರಡು ಗಂಟೆಯಷ್ಟೇ ಇರುವವರಿಗೆ ಬೋಳೂರಿನ ಹಳೆಯ ಕಾವಲು ಗೋಪುರ ಸುಲ್ತಾನ್ ಬತ್ತೇರಿ ಸಾಕು. ಬಂದರಿನೊಳಗೆ ಪಾಸ್ ಇಲ್ಲದ ಗಾಡಿಯನ್ನು ಬಿಡುವುದಿಲ್ಲ, ಆದ್ದರಿಂದ ಆ ವ್ಯವಸ್ಥೆ ಮೊದಲಾಗಲಿ. ಗೈಡ್ ತರಬೇತಿ ಮತ್ತು ಗುರುತುಚೀಟಿಗಾಗಿ ಪ್ರವಾಸೋದ್ಯಮ ಇಲಾಖೆಯಲ್ಲಿ ವಿಚಾರಿಸಿ.

ಪ್ರಶ್ನೆ: ಅವಶೇಷಗಳ ನಡುವೆ ಬಿದ್ದಿರುವ ಸಣ್ಣ ಕಲ್ಲನ್ನು ನೆನಪಿಗೆಂದು ತರಬಹುದೇ? (ಸುರತ್ಕಲ್‌ನ ಓದುಗರು)

ಉತ್ತರ: ತರಬೇಡಿ. ಟರ್ಕಿ, ಗ್ರೀಸ್, ಇಟಲಿ ಮೂರರಲ್ಲೂ ಅದು ಅಪರಾಧ. ಟರ್ಕಿಯ ವಿಮಾನ ನಿಲ್ದಾಣದಲ್ಲಿ ಚೀಲದೊಳಗಿನ ಹಳೆಯ ಕಲ್ಲಿನಿಂದಾಗಿ ಬಂಧನಕ್ಕೊಳಗಾದ ಪ್ರವಾಸಿಗರಿದ್ದಾರೆ. ಪೊಂಪೇಯಿಯಿಂದ ಚೂರು ಒಯ್ದವರು ಮನೆಯಲ್ಲಿ ಕೆಟ್ಟದ್ದಾಯಿತೆಂದು ಹೆದರಿ, ಕ್ಷಮಾಪಣೆಯ ಪತ್ರದೊಂದಿಗೆ ಅಂಚೆಯಲ್ಲಿ ಹಿಂದಿರುಗಿಸುವುದು ಎಷ್ಟೋ ವರ್ಷಗಳಿಂದ ನಡೆದಿದೆ. ಅಂಗಡಿಯಲ್ಲಿ ಕೊಂಡ ಪ್ರತಿಕೃತಿಯಾದರೂ ಅದರ ರಸೀದಿಯನ್ನು ಊರು ಸೇರುವವರೆಗೆ ಕೈಚೀಲದಲ್ಲೇ ಇಟ್ಟುಕೊಳ್ಳಿ.