ಓದುಗರ ಪ್ರಶ್ನೆ: ಜಪಾನಿನಲ್ಲಿ ದೊಡ್ಡವರೂ ಕಾಮಿಕ್ಸ್ ಓದುವುದೇಕೆ?

ಪ್ರಶ್ನೆ: ಟೋಕಿಯೊದ ರೈಲಿನಲ್ಲಿ ಕಚೇರಿಗೆ ಹೊರಟ ನಡುವಯಸ್ಸಿನವರು ಯಾವ ಸಂಕೋಚವೂ ಇಲ್ಲದೆ ಕಾಮಿಕ್ಸ್ ಓದುತ್ತಿದ್ದುದನ್ನು ಕಂಡೆ. ನಾವು ಮಕ್ಕಳ ಪಾಲಿಗೆ ಬಿಟ್ಟಿರುವ ಈ ಓದು ಅಲ್ಲಿ ದೊಡ್ಡವರಿಗೂ ಒಗ್ಗಿದ್ದು ಹೇಗೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಜಪಾನೀಯರ ಸ್ವಭಾವವೇ ಹಾಗೆ ಎಂದುಬಿಡುವುದು ಸರಿಯಲ್ಲ. 1955ರ ಸುಮಾರಿನಲ್ಲಿ ಅಲ್ಲಿಯ ಪೋಷಕರ ಸಂಘಗಳೇ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಮಕ್ಕಳನ್ನು ಕೆಡಿಸುತ್ತದೆಂದು ಚಳವಳಿ ನಡೆಸಿದ್ದವು. ಆದರೆ ಯುದ್ಧಾನಂತರದ ವರ್ಷಗಳಲ್ಲಿ, ವೈದ್ಯಶಿಕ್ಷಣ ಪಡೆದಿದ್ದ ಒಸಾಮು ತೆಜುಕಾ ಅವರ ಚಿತ್ರಕಥೆಗಳನ್ನು ಓದುತ್ತ ಬೆಳೆದ ಪೀಳಿಗೆಯು ಕಾಲೇಜು, ಕಾರ್ಖಾನೆ, ಕಚೇರಿಗಳನ್ನು ಸೇರಿದ ಮೇಲೂ ಆ ಓದನ್ನು ಬಿಡಲಿಲ್ಲ. ಅಪರಾಧ, ಬಡತನ, ನಗರದ ಒಂಟಿತನಗಳನ್ನು ಹೇಳಹೊರಟ ಯೊಶಿಹಿರೊ ತತ್ಸುಮಿ 1957ರಲ್ಲಿ ತಮ್ಮ ಬಗೆಯ ಕಥೆಗಳಿಗೆ ‘ಗೆಕಿಗಾ’ ಎಂಬ ಪ್ರತ್ಯೇಕ ಹೆಸರನ್ನೇ ಇಟ್ಟರು. ಪ್ರಕಾಶಕರು ಓದುಗರ ವಯಸ್ಸಿನ ಬೆನ್ನು ಹಿಡಿದು, 1968ರಲ್ಲಿ ಆರಂಭವಾದ ‘ಬಿಗ್ ಕಾಮಿಕ್’ನಂಥ ಪತ್ರಿಕೆಗಳನ್ನು ವಯಸ್ಕರಿಗಾಗಿಯೇ ಹೊರತಂದರು, ನನ್ನ ಮಟ್ಟಿಗೆ ಇದೇ ನಿರ್ಣಾಯಕವಾದ ಸಂಗತಿ. ಪುಟ ತೆರೆದರೆ ವ್ಯತ್ಯಾಸ ಕಾಣುತ್ತದೆ: ಬಾಲಕರ ಪತ್ರಿಕೆಗಳಲ್ಲಿ ‘ಕಾಂಜಿ’ ಎಂಬ ಚೀನೀ ಮೂಲದ ಅಕ್ಷರಗಳ ಪಕ್ಕದಲ್ಲಿ ಅವುಗಳ ಉಚ್ಚಾರಣೆಯನ್ನು ಪುಟ್ಟದಾಗಿ ಅಚ್ಚು ಹಾಕಿರುತ್ತಾರೆ, ದೊಡ್ಡವರ ಪತ್ರಿಕೆಗಳಲ್ಲಿ ಬಹುಮಟ್ಟಿಗೆ ಆ ನೆರವು ಇರುವುದಿಲ್ಲ.

ವಸ್ತುವೂ ಓದುಗರ ಬದುಕಿನದೇ ಆಯಿತು. ಕೆಂಶಿ ಹಿರೊಕಾನೆ 1983ರಲ್ಲಿ ಆರಂಭಿಸಿದ ಧಾರಾವಾಹಿಯ ನಾಯಕ ಕೋಸಾಕು ಶಿಮಾ ವಿದ್ಯುತ್ ಉಪಕರಣಗಳ ಕಂಪನಿಯೊಂದರ ನೌಕರ. ಅವನಿಗೆ ಬಡ್ತಿ ಸಿಕ್ಕಂತೆಲ್ಲ ಧಾರಾವಾಹಿಯ ಶೀರ್ಷಿಕೆಯಲ್ಲಿನ ಹುದ್ದೆಯೂ ಬದಲಾಗುತ್ತ, 2008ರಲ್ಲಿ ಅವನು ಕಂಪನಿಯ ಅಧ್ಯಕ್ಷನೇ ಆದ. ತಮ್ಮ ಜೊತೆಜೊತೆಗೇ ವಯಸ್ಸಾಗುವ, ಮೇಲಧಿಕಾರಿಗಳ ಒಳಜಗಳಗಳ ನಡುವೆ ದಾರಿ ಹುಡುಕುವ ಇಂಥ ಪಾತ್ರವನ್ನು ಉದ್ಯೋಗಸ್ಥರು ಸುಲಭವಾಗಿ ಬಿಟ್ಟುಕೊಡಲಾರರು. 1986ರಲ್ಲಂತೂ ಪ್ರತಿಷ್ಠಿತ ಆರ್ಥಿಕ ದಿನಪತ್ರಿಕೆಯೊಂದರ ಸಂಸ್ಥೆಯೇ, ಶೊತಾರೊ ಇಶಿನೊಮೊರಿ ಅವರಿಂದ ಬರೆಸಿದ, ದೇಶದ ಅರ್ಥವ್ಯವಸ್ಥೆಯನ್ನು ಪರಿಚಯಿಸುವ ಮಾಂಗಾವನ್ನು ಪ್ರಕಟಿಸಿತು.

ಕಾಮಿಕ್ಸ್‌ನಂತೆಯೇ ದೊಡ್ಡವರನ್ನೂ ಸೆಳೆದ ಆ್ಯನಿಮೇಷನ್‌ಗೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡುವ ರೂಢಿ ಬಲ ಕೊಟ್ಟಿತು. ಕುಟುಂಬವೊಂದರ ಕಥೆಯ ಆ್ಯನಿಮೇಷನ್ ಧಾರಾವಾಹಿ ‘ಸಜಾಯೆ-ಸಾನ್’ 1969ರಿಂದ ಇಂದಿಗೂ ಭಾನುವಾರ ಸಂಜೆ ಟಿ.ವಿ.ಯಲ್ಲಿ ಪ್ರಸಾರವಾಗುತ್ತಿದೆ. 2020ರಲ್ಲಿ ಜಪಾನಿನ ಚಿತ್ರಮಂದಿರಗಳ ಗಳಿಕೆಯ ದಾಖಲೆ ಮುರಿದದ್ದು ‘ಡೀಮನ್ ಸ್ಲೇಯರ್’ ಎಂಬ ಆ್ಯನಿಮೇಷನ್ ಚಿತ್ರ. ಅದಕ್ಕೂ ಮೊದಲು ಆ ದಾಖಲೆ ಇದ್ದದ್ದು ಹಯಾವೊ ಮಿಯಾಜಾಕಿ ಅವರ ‘ಸ್ಪಿರಿಟೆಡ್ ಅವೇ’ ಎಂಬ ಆ್ಯನಿಮೇಷನ್ ಚಿತ್ರದ ಹೆಸರಿನಲ್ಲಿ.

ಹಾಗೆಂದು ಅಲ್ಲಿ ಎಲ್ಲ ಮಾಂಗಾಗಳಿಗೂ ಒಂದೇ ಮನ್ನಣೆ ಇದೆಯೆಂದು ತಿಳಿಯಬೇಡಿ. ಲೈಂಗಿಕ ದೃಶ್ಯಗಳಿರುವ ಕೃತಿಗಳು ಕಿರಿಯರ ಕೈಸೇರದಂತೆ ಟೋಕಿಯೊ ಆಡಳಿತವು 2010ರಲ್ಲಿ ನಿಯಮವನ್ನು ಬಿಗಿಗೊಳಿಸಿದಾಗ, ಕಲಾವಿದರೂ ದೊಡ್ಡ ಪ್ರಕಾಶಕರೂ ಅದನ್ನು ಬಹಿರಂಗವಾಗಿಯೇ ವಿರೋಧಿಸಿದರು.