ಕಾಡಿನ ಉಪ್ಪಾಗೆ ಒಯ್ಯುವ ಕಂಪನಿಯಿಂದ ಊರಿಗೆ ಪಾಲು ಕೇಳಬಹುದೇ?

ಸಿದ್ದಾಪುರ ಕಡೆಯ ನಿಮ್ಮ ಪಂಚಾಯ್ತಿ ಕಾಡಿನಿಂದ ಉಪ್ಪಾಗೆ (ಹುಳಿಗೆ ಬಳಸುವ ಕಾಡುಹಣ್ಣು) ಸಿಪ್ಪೆ ಲೋಡುಗಟ್ಟಲೆ ಹೋಗುತ್ತದೆ, ಅದರ ಸತ್ವ ತೆಗೆದು ಮಾರುವವರಿಂದ ಊರಿಗೆ ಏನೂ ಬರುವುದಿಲ್ಲವೇ ಎಂದು ಕೇಳಿದ್ದೀರಿ. ಬರಬೇಕು. ಆದರೆ ತಾನಾಗಿ ಬರುವುದಿಲ್ಲ.

ಜೀವವೈವಿಧ್ಯ ಕಾಯ್ದೆ 2002ರಲ್ಲಿ ದಾರಿ ಎರಡಿವೆ, ಜನ ಅವೆರಡೂ ಒಂದೇ ಎಂದುಕೊಂಡು ಎಡವುತ್ತಾರೆ.

ಒಂದು, ಲಾಭದ ಪಾಲು, ಅಂದರೆ ಕಾಡಿನ ಮಾಲಿನಿಂದ ಉತ್ಪನ್ನ ಮಾಡಿ ಮಾರುವ ಕಂಪನಿ ಕಟ್ಟಬೇಕಾದ ಹಣ. ದೇಶೀ ಕಂಪನಿಯಾದರೆ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ಮೊದಲೇ ತಿಳಿಸಬೇಕು, ವಿದೇಶಿ ಹಿಡಿತದ್ದಾದರೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು. ದೇಶೀ ಕಂಪನಿ ಪಾಲು ಕೊಡಬೇಕಿಲ್ಲ ಎಂಬ ವಾದವನ್ನು ಉತ್ತರಾಖಂಡ ಹೈಕೋರ್ಟ್ 2018ರಲ್ಲಿ ದಿವ್ಯ ಫಾರ್ಮಸಿ ಪ್ರಕರಣದಲ್ಲಿ ತಳ್ಳಿಹಾಕಿದೆ. 2025ರ ನಿಯಮಗಳ ಪ್ರಕಾರ ವಾರ್ಷಿಕ ವಹಿವಾಟು 5 ಕೋಟಿ ದಾಟದವರು ಕೊಡಬೇಕಾದ್ದು ಸೊನ್ನೆ. 50 ಕೋಟಿವರೆಗೆ ಉತ್ಪನ್ನದ ಮಾರಾಟ ಬೆಲೆಯ ಶೇ 0.2, 250 ಕೋಟಿವರೆಗೆ ಶೇ 0.4, ಅದರ ಮೇಲೆ ಶೇ 0.6. ಒಟ್ಟು ವಹಿವಾಟು 5ರಿಂದ 50 ಕೋಟಿಯೊಳಗಿದ್ದು, ಉಪ್ಪಾಗೆ ಉತ್ಪನ್ನ 10 ಕೋಟಿಗೆ ಮಾರಿದ ಕಂಪನಿಗೆ ಇದು 2 ಲಕ್ಷ. ಊರಿಗೆ ಬಂದು ತೂಕ ಹಾಕುವ ಸಣ್ಣ ವ್ಯಾಪಾರಿಯ ಹತ್ತಿರ ಈ ಪಾಲು ಕೇಳಿ ಫಲವಿಲ್ಲ.

ಅವನಿಗಿರುವುದು ಎರಡನೆಯ ದಾರಿ, 41(3)ನೇ ಕಲಮಿನ ಸಂಗ್ರಹಣಾ ಶುಲ್ಕ. ಇದನ್ನು ಹಾಕುವ ಅಧಿಕಾರ ನಿಮ್ಮ ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೇ ಇದೆ. ನನ್ನ ಮಟ್ಟಿಗೆ ಊರಿಗೆ ನೆಚ್ಚಿಕೊಳ್ಳಬಹುದಾದ ಹಣ ಇದು. ಮೊದಲು ಪಿಡಿಒ ಬಳಿ ಸಮಿತಿಯ ನಡಾವಳಿ ಪುಸ್ತಕ ತೆಗೆಸಿ ನೋಡಿ. ಎಷ್ಟೋ ಕಡೆ ಸಮಿತಿ ಹೆಸರಿಗಷ್ಟೇ ಇರುತ್ತದೆ. ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ (ಊರಿನ ಜೀವಸಂಪತ್ತಿನ ದಾಖಲೆ ಪುಸ್ತಕ) ಉಪ್ಪಾಗೆ, ಅದು ಸಿಗುವ ಜಾಗ, ಕೊಯ್ಲಿನ ತಿಂಗಳು ಬರೆದಿರಲಿ. ಆಮೇಲೆ ಕಿಲೋಗೆ ಇಷ್ಟು ಎಂದು ಠರಾವು ಮಾಡಿ, ಸಮಿತಿಯ ಹೆಸರಿನಲ್ಲೇ ಖಾತೆ ತೆರೆದು, ರಸೀದಿ ಪುಸ್ತಕ ಇಡಿ. ಶುಲ್ಕ ಕೊಳ್ಳುವ ವ್ಯಾಪಾರಿ ಮೇಲೆ ಎಂದು ಠರಾವಿನಲ್ಲಿ ಸ್ಪಷ್ಟವಾಗಿರಬೇಕು. ಇಲ್ಲದಿದ್ದರೆ ಮಳೆಯಲ್ಲಿ ಕಾಯಿ ಹೆಕ್ಕಿ ತರುವವರ ಕೂಲಿಯಿಂದಲೇ ಅದನ್ನು ಮುರಿದುಕೊಳ್ಳುತ್ತಾರೆ. ರಸೀದಿಗೆ ಇನ್ನೊಂದು ಬೆಲೆಯೂ ಇದೆ: ಮಾಲು ಎಲ್ಲಿಯದೆಂದು ಗೊತ್ತಾಗದಿದ್ದರೆ ಕಂಪನಿ ಕಟ್ಟಿದ ಪಾಲು ನಿಮ್ಮ ಊರಿನ ಹೆಸರಿಗೆ ಬರುವುದಿಲ್ಲ.

ದುಡ್ಡಿನಷ್ಟೇ ಮರವೂ ಮುಖ್ಯ. ದರ ಏರಿದ ವರ್ಷ ಹಣ್ಣಾಗುವ ಮೊದಲೇ ಕೊಂಬೆ ಕಡಿದು ಕಾಯಿ ಇಳಿಸುತ್ತಾರೆ, ಸಿಪ್ಪೆ ಒಣಗಿಸಲು ಕಾಡಿನ ಕಟ್ಟಿಗೆಯನ್ನೇ ಉರಿಸುತ್ತಾರೆ. ಸಂರಕ್ಷಣೆಗೆ ಧಕ್ಕೆಯಾಗುವ ಸಂಗ್ರಹಣೆಯನ್ನು ಸ್ಥಳೀಯ ಸಂಸ್ಥೆಯನ್ನು ಕೇಳಿ ತಡೆಯಲು 24(2)ರಡಿ ಮಂಡಳಿಗೆ ಅಧಿಕಾರವಿದೆ. ಫೋಟೊ ಸಮೇತ ಬರೆಯಿರಿ.

2023ರ ತಿದ್ದುಪಡಿಯಿಂದ, ಬೆಳೆಸಿದ ಔಷಧೀಯ ಸಸ್ಯಗಳಿಗೆ ವಿನಾಯಿತಿ ಸಿಕ್ಕಿದೆ. ಅದಕ್ಕೆ ಬೇಕಾದ, ಮಾಲು ಎಲ್ಲಿಯದೆಂದು ಹೇಳುವ ಮೂಲ ಪ್ರಮಾಣಪತ್ರ ಕೊಡುವುದು ನಿಮ್ಮ ಸಮಿತಿಯೇ. ಕಾಡಿನಲ್ಲಿ ತಾನಾಗಿ ಹುಟ್ಟಿದ ಮರದ ಮಾಲಿಗೆ ‘ತೋಟದ್ದು’ ಎಂದು ಸಹಿ ಬಿದ್ದರೆ ಪಾಲು ಅಲ್ಲಿಗೇ ಹೋಯಿತು. ಪಹಣಿ ನೋಡಿ, ಜಾಗಕ್ಕೆ ಹೋಗಿ ಮರ ಎಣಿಸದೆ ಆ ಕಾಗದ ಕೊಡಬೇಡಿ.

ಕಂಪನಿ ಮಂಡಳಿಗೆ ತಿಳಿಸಿದೆಯೇ ಎಂದು ತಿಳಿಯಲು 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಸಾಕು. ಇಡೀ ಒಪ್ಪಂದ ಕೇಳಿದರೆ ವ್ಯಾಪಾರ ಗುಟ್ಟು ಎಂದು ತಿರಸ್ಕರಿಸಬಹುದು. ಮಾಲಿನ ಮೂಲ, ಪ್ರಮಾಣ, ಕಟ್ಟಿದ ಮೊತ್ತ, ಈ ಮೂರನ್ನೇ ಕೇಳಿ.